ಸುಳ್ಳು ನಡುಕದ ಪೆಟ್ಟಿಗೆ

ರೇಡಿಯೋ ಅನ್ನುವುದು ಅವಳು ಮಾತು ಕಲಿತ ಮೇಲೆ ತಾನೇ ಸಂಪಾದಿಸಿಕೊಂಡ ಹೆಸರು. ಅಂಗಡಿಯಲ್ಲಿ ಸಿಗುವ ರೇಡಿಯೋಗಾದರೂ ಬಂದ್ ಮಾಡುವ ಗುಂಡಿ ಇರುತ್ತದೆ, ನಮ್ಮ ಮನೆಯದಕ್ಕೆ ದೇವರು ಅದನ್ನು ಇಡುವುದನ್ನೇ ಮರೆತಿದ್ದಾನೆ ಎಂದು ಅವಳಪ್ಪ ಬಂದವರಿಗೆಲ್ಲ ಹೇಳುತ್ತಿದ್ದರು. ಅಪ್ಪ ಹೋಗಿ ಎಷ್ಟೋ ವರ್ಷವಾಯಿತು, ಅವಳಿಗೂ ಅರವತ್ತು ದಾಟಿತು, ಗುಂಡಿ ಮಾತ್ರ ಯಾರ ಕೈಗೂ ಸಿಕ್ಕಿರಲಿಲ್ಲ. ಇಂಥವಳು ಯಾವ ಕಸುಬು ಮಾಡಬೇಕೋ ಅದನ್ನೇ ಮಾಡುತ್ತಿದ್ದಳು. ಮನೆಯ ನೆಲಮಹಡಿಯಲ್ಲಿ ಅವಳ ಬ್ಯೂಟಿ ಪಾರ್ಲರ್. ಮೂರು ಕುರ್ಚಿ, ಗೋಡೆಯುದ್ದ ಕನ್ನಡಿ, ಶಾಂಪೂ ಮತ್ತು ಹೇರ್ ಡೈ ವಾಸನೆ. ಅಲ್ಲಿ ತಲೆ ಕೊಟ್ಟು ಕೂತವರು ಕಿವಿಯನ್ನೂ ಕೊಡಲೇಬೇಕು. ಬೆಳಿಗ್ಗೆ ಅಲ್ಲಿ ಬಿದ್ದ ಮಾತು ಮಧ್ಯಾಹ್ನದ ಹೊತ್ತಿಗೆ ಬಸ್ ನಿಲ್ದಾಣ ಮುಟ್ಟುತ್ತಿತ್ತು.

ಮೇಲಿನ ಮಹಡಿಯಲ್ಲಿ ಅವಳ ಅಕ್ಕ. ಒಂದೇ ತಾಯಿಯ ಹೊಟ್ಟೆಯಲ್ಲಿ ಹುಟ್ಟಿದವರು ಅಂತ ಯಾರೂ ನಂಬುತ್ತಿರಲಿಲ್ಲ. ಅಕ್ಕ ಎತ್ತರ, ತಂಗಿ ಗಿಡ್ಡ. ಅಕ್ಕ ಒಂದು ಮಾತಾಡಿದರೆ ಅದು ತೂಕದ ಮಾತು, ತಂಗಿಯದು ಲೆಕ್ಕವೇ ಇಲ್ಲ. ಅಕ್ಕ ಮದುವೆಯ ಗೋಜಿಗೆ ಹೋಗಲಿಲ್ಲ. ತಂಗಿ ಮದುವೆಯಾಗಿ, ಗಂಡನನ್ನು ಕಳೆದುಕೊಂಡು, ಮಗಳನ್ನು ದಡ ಸೇರಿಸಿ, ಅಕ್ಕನ ಮನೆಯ ಕೆಳಗೇ ಬಂದು ಸೇರಿಕೊಂಡವಳು. ಜಗಳವಿಲ್ಲದ ದಿನವಿರಲಿಲ್ಲ. ಒದ್ದೆ ಟವೆಲನ್ನು ಕುರ್ಚಿಯ ಮೇಲೆ ಬಿಸಾಕುವುದು ಅಕ್ಕನ ಜನ್ಮಕ್ಕಂಟಿದ ಚಾಳಿ, ಅದನ್ನು ಎತ್ತಿ ಅಕ್ಕನ ಮುಖಕ್ಕೆ ಹಿಡಿಯುವುದು ತಂಗಿಯ ದಿನದ ಮೊದಲ ಕೆಲಸ. ಲೋಕ ಹೇಗೆ ನಡೆಯುತ್ತೆ ಅಂತ ಹೇಳೋಕೆ ಬರುತ್ತೆ, ಟವೆಲ್ ಎಲ್ಲಿ ಒಣಗುತ್ತೆ ಅಂತ ಗೊತ್ತಾಗಲ್ವಾ ನಿಂಗೆ ಎಂದು ಅವಳು ಕೂಗಿದರೆ ಬೀದಿಯಲ್ಲಿ ಹೋಗುವವರು ಗಡಿಯಾರ ಸರಿ ಮಾಡಿಕೊಳ್ಳಬಹುದಿತ್ತು.

ಅಕ್ಕ ಭೌತವಿಜ್ಞಾನಿ. ಅದೂ ಅಂತಿಂಥ ವಿಜ್ಞಾನಿಯಲ್ಲ. ಅಣುಗಳ ಲೋಕದ ವಿಷಯದಲ್ಲಿ ಅವರು ಚಿಕ್ಕ ವಯಸ್ಸಿನಲ್ಲೇ ಕಟ್ಟಿದ ಗಣಿತವನ್ನು ಈಗ ಎಲ್ಲ ದೇಶಗಳ ಕಾಲೇಜಿನಲ್ಲೂ ಕಲಿಸುತ್ತಾರೆ. ಆದರೆ ಅವರ ಜೀವವೆಲ್ಲ ಇದ್ದದ್ದು ಇನ್ನೊಂದು ವಿಚಾರದಲ್ಲಿ. ಅದನ್ನು ಅವರು ರೇಡಿಯೋಗೆ ಹೇರ್ ಡೈ ಹಚ್ಚಿಸಿಕೊಳ್ಳುತ್ತಲೇ ಎಷ್ಟೋ ಸಲ ವಿವರಿಸಿದ್ದರು. ಅಣುವಿಗಿಂತ ಚಿಕ್ಕ ಕಣಕ್ಕೆ ಎರಡು ಬಾಗಿಲು ತೋರಿಸಿದರೆ ಅದು ಎರಡರಲ್ಲೂ ಒಟ್ಟಿಗೇ ಹೋಗುತ್ತದೆ. ಇದು ಎಲ್ಲರೂ ಒಪ್ಪಿದ ಮಾತು. ಹಾಗಾದರೆ ಕುರ್ಚಿ ಯಾಕೆ ಎರಡು ಕಡೆ ಇರುವುದಿಲ್ಲ? ಬೆಕ್ಕು ಯಾಕೆ ಇರುವುದಿಲ್ಲ? ಸುತ್ತಲಿನ ಗಾಳಿ ಬೆಳಕು ಅದನ್ನು ಸದಾ ಮುಟ್ಟುತ್ತಿರುತ್ತವೆ, ಅದಕ್ಕೇ ಅದರ ಎರಡುತನ ನಮ್ಮ ಕಣ್ಣಿಗೆ ಬೀಳುವುದಿಲ್ಲ ಎಂದು ಉಳಿದವರು ಹೇಳುತ್ತಿದ್ದರು. ಅಕ್ಕ ಇಪ್ಪತ್ತಾರನೇ ವಯಸ್ಸಿಗೆ ಎದ್ದು ನಿಂತು, ಇಲ್ಲ, ಯಾರೂ ಮುಟ್ಟದಿದ್ದರೂ ವಸ್ತು ತಾನಾಗಿಯೇ ಒಂದು ಕಡೆ ನೆಲೆ ನಿಲ್ಲುತ್ತದೆ ಎಂದುಬಿಟ್ಟರು.

“ಎರಡು ದೋಣಿ ಮೇಲೆ ಕಾಲಿಟ್ಟವನು ಎಷ್ಟು ಹೊತ್ತು ನಿಲ್ತಾನೆ ಹೇಳು? ಒಂದು ಕಡೆ ಹಾರಲೇಬೇಕು. ಹಾರಿದಾಗ ದೋಣಿ ಅಲುಗುತ್ತೆ. ಆ ಅಲುಗಾಟ ಸಿಕ್ಕಿದ್ರೆ ನಾನು ಹೇಳಿದ್ದು ನಿಜ,” ಎನ್ನುತ್ತಿದ್ದರು ಅಕ್ಕ.

“ಸಿಗದಿದ್ರೆ?”

“ಸಿಗುತ್ತೆ.”

ಅಲುಗಾಟ ಎಷ್ಟಿರಬೇಕು ಅನ್ನುವುದನ್ನೂ ಅವರು ಲೆಕ್ಕ ಹಾಕಿ ಇಟ್ಟಿದ್ದರು. ಅವರ ಅಳತೆಯಲ್ಲಿ ಅದು ಹನ್ನೆರಡು. ಆ ಕಸುಬಿನವರ ನಡುವೆ ಅಕ್ಕನಿಗೆ ‘ಹನ್ನೆರಡರ ಮೇಡಂ’ ಎಂದೇ ಹೆಸರು. ಆದರೆ ಅಷ್ಟು ಸಣ್ಣ ನಡುಕವನ್ನು ಹಿಡಿಯುವ ಯಂತ್ರ ಯಾರ ಹತ್ತಿರವೂ ಇರಲಿಲ್ಲ. ನಲವತ್ತು ವರ್ಷ ಬರೀ ವಾದ. ಎದುರು ಪಕ್ಷದಲ್ಲಿ ಒಬ್ಬ ಗಡ್ಡದ ಪ್ರೊಫೆಸರು. ಅಕ್ಕ ಎಲ್ಲಿ ಭಾಷಣ ಮಾಡಿದರೂ ಮೊದಲ ಸಾಲಿನಲ್ಲಿ ಕೂತು, ಮುಗಿದ ತಕ್ಷಣ ಕೈಯೆತ್ತಿ, ಮೇಡಂ ಹಿಡಿದ ಮೊಲಕ್ಕೆ ಮೂರೇ ಕಾಲು ಎಂದು ಸಭೆಯನ್ನು ನಗಿಸುವುದು ಅವರ ಪದ್ಧತಿ. ಕೊನೆಗೊಂದು ದಿನ ಅಕ್ಕ, “ಮೊಲಾನ ಮೇಜಿನ ಮೇಲೇ ತಂದಿಡ್ತೀನಿ ಸ್ವಾಮಿ, ಕಾಲು ನೀವೇ ಎಣಿಸಿಕೊಳ್ಳಿ,” ಎಂದರು. ಎಪ್ಪತ್ತರ ಹತ್ತಿರದ ಆ ವಯಸ್ಸಿನಲ್ಲಿ ಪ್ರಯೋಗಕ್ಕೆ ಕೈ ಹಾಕಿದರು.

ಅದಕ್ಕೆ ಜೊತೆಯಾದವಳು ಅವರ ಶಿಷ್ಯೆ, ಲೇಸರ್ ಕೆಲಸದಲ್ಲಿ ಎತ್ತಿದ ಕೈ. ಎರಡು ಮಕ್ಕಳ ತಾಯಿ, ಮಾತೂ ಲೇಸರಿನ ಹಾಗೇ ನೇರ; ಎಲ್ಲರೂ ಅವಳನ್ನು ಲೇಸರ್ ಎಂದೇ ಕರೆಯುತ್ತಿದ್ದರು. ಧೂಳಿನ ಕಣದಷ್ಟು ದಪ್ಪದ ಒಂದು ಗಾಜಿನ ಮಣಿಯನ್ನು ಅವಳು ಗಾಳಿಯಿಲ್ಲದ ಉಕ್ಕಿನ ಪಾತ್ರೆಯೊಳಗೆ ಬರೀ ಬೆಳಕಿನ ಮೇಲೆ ತೇಲಿಸಿ ನಿಲ್ಲಿಸಿದಳು. ಕೊರೆಯುವ ಚಳಿಯಲ್ಲಿ ಮಣಿ ಹೆಚ್ಚುಕಡಿಮೆ ನಿಶ್ಚಲ. ಆದರೂ ಕೊಂಚ ನಡುಗುತ್ತದೆ. ಅದರಲ್ಲಿ ಶಾಖದ್ದೆಷ್ಟು, ನೆಲದ್ದೆಷ್ಟು, ಬೆಳಕಿನದೆಷ್ಟು ಎಂದು ಕಳೆಯುತ್ತ ಹೋಗಬೇಕು. ಕಳೆದು ಹನ್ನೆರಡು ಉಳಿದರೆ ಅಕ್ಕ ಗೆದ್ದರು, ಏನೂ ಉಳಿಯದಿದ್ದರೆ ಗಡ್ಡದವರು.

ಇಲ್ಲಿ ಅಕ್ಕ ಒಂದು ಕಟ್ಟುಪಾಡು ತಂದರು. ಉತ್ತರದ ಮೇಲೆ ಆಸೆ ಇಟ್ಟುಕೊಂಡವರು ಲೆಕ್ಕ ಮಾಡಿದರೆ, ಗೊತ್ತಿಲ್ಲದೆಯೇ ಕೈ ಆಸೆಯ ಕಡೆಗೆ ವಾಲುತ್ತದೆ. ಬೇಕಾದ ಸಂಖ್ಯೆ ಬಂದ ಕೂಡಲೇ ತಪ್ಪು ಹುಡುಕುವುದನ್ನು ನಿಲ್ಲಿಸುತ್ತಾರೆ, ಬೇಡದ್ದು ಬಂದರೆ ಸಿಗುವವರೆಗೂ ಹುಡುಕುತ್ತಾರೆ. ಅದಕ್ಕೆ ಮಣಿಗೆ ನಿಜವಾದ ನಡುಕದ ಜೊತೆ ಬೇಕೆಂದೇ ಒಂದು ಸುಳ್ಳು ನಡುಕವನ್ನೂ ಸೇರಿಸುವುದು. ಅದು ಎಷ್ಟು ಎಂಬುದನ್ನು ನಿರ್ಧರಿಸುವುದು ಒಂದು ಬೀಗದ ಪೆಟ್ಟಿಗೆಯೊಳಗಿನ ತಿರುಗುಣಿ, ಅಂದರೆ ಅಂಕಿಯ ಮೇಲೆ ತಿರುಗಿಸಿ ಇಡುವ ಬಿರಡೆ. ತಿರುಗುಣಿಯನ್ನು ಇಟ್ಟವರೊಬ್ಬರಿಗೆ ಬಿಟ್ಟರೆ ಯಾರಿಗೂ ಗೊತ್ತಿರಬಾರದು. ಅಳತೆಯೆಲ್ಲ ಮುಗಿದು, ಯಂತ್ರ ನಿಂತು, ಇನ್ನು ಒಂದಕ್ಷರವನ್ನೂ ತಿದ್ದುವುದಿಲ್ಲ ಎಂದು ಎಲ್ಲರೂ ಒಪ್ಪಿದ ಮೇಲೆ ಸಭೆಯ ಮುಂದೆ ಪೆಟ್ಟಿಗೆ ತೆಗೆಯುವುದು, ಸುಳ್ಳನ್ನು ಕಳೆಯುವುದು. ಏನು ಉಳಿಯುತ್ತದೋ ಅದೇ ಉತ್ತರ.

ಪ್ರಯೋಗಶಾಲೆಯಲ್ಲಿ ತಿರುಗುಣಿ ಇಡುವವರು ಯಾರು ಎಂಬ ಮಾತು ಬಂದಾಗ ಅಕ್ಕ ಹೇಳಿದ ಹೆಸರು ಕೇಳಿ ಲೇಸರ್ ಕೈಯಲ್ಲಿದ್ದ ಕಾಫಿ ಚೆಲ್ಲಿಕೊಂಡಳು.

“ರೇಡಿಯೋ ಆಂಟಿನಾ? ಮೇಡಂ, ನಿಮಗೆ ತಮಾಷೆನಾ? ಬೆಕ್ಕನ್ನ ಹಾಲಿಗೆ ಕಾವಲು ಕೂರಿಸಿದ ಹಾಗಾಗುತ್ತೆ! ಅವರಿಗೆ ಗುಟ್ಟು ಹೇಳೋದೂ ಒಂದೇ, ಪೇಪರಲ್ಲಿ ಹಾಕಿಸೋದೂ ಒಂದೇ.”

“ನನ್ನ ತಂಗಿ ಬಗ್ಗೆ ನನ್ನೆದುರಿಗೇ ಮಾತಾಡ್ತೀಯಲ್ಲ, ಧೈರ್ಯ ಕಣೇ ನಿಂದು,” ಎಂದು ಅಕ್ಕ ನಕ್ಕರು. “ನೋಡು, ಈ ಕಟ್ಟಡದಲ್ಲಿ ಉತ್ತರದ ಮೇಲೆ ಆಸೆ ಇಲ್ಲದವರು ಒಬ್ಬರೂ ಇಲ್ಲ. ಅರ್ಧ ಜನಕ್ಕೆ ನಾನು ಗೆಲ್ಲಬೇಕು, ಇನ್ನರ್ಧಕ್ಕೆ ಸೋಲಬೇಕು. ಅವಳಿಗೆ ಎರಡೂ ಬೇಡ. ನಡುಕ ಅಂದ್ರೆ ಅವಳಿಗೆ ಚಳಿಜ್ವರ, ಅಷ್ಟೇ.”

ಅಕ್ಕನಿಗೆ ಊಟ ತಂದುಕೊಟ್ಟು ಮೂಲೆಯಲ್ಲಿ ಕೂತಿದ್ದ ರೇಡಿಯೋಗೆ ಮೈಯೆಲ್ಲ ಉರಿಯಿತು. “ನಾನೇನು ಬಾಯಿ ಬಿಟ್ಟು ಕೆಟ್ಟವಳಾ? ಕೊಡಿ ಇಲ್ಲಿ ಬೀಗದ ಕೈ. ಯಮ ಬಂದು ಕೇಳಿದ್ರೂ ಹೇಳಲ್ಲ,” ಎಂದು ಎದ್ದು ಬಂದಳು. ಎಲ್ಲರನ್ನೂ ಹೊರಗೆ ಕಳಿಸಿ ಬಾಗಿಲು ಹಾಕಿಕೊಂಡಳು. ಪೆಟ್ಟಿಗೆಯೊಳಗೆ, ಅಕ್ಕನ ಅದೇ ಅಳತೆಯಲ್ಲಿ, ಸೊನ್ನೆಯಿಂದ ನೂರರವರೆಗೆ ಗೀಟು ಹಾಕಿದ ಹಿತ್ತಾಳೆಯ ತಿರುಗುಣಿ. ಅದನ್ನು ನಲವತ್ತೊಂದಕ್ಕೆ ತಿರುಗಿಸಿದಳು. ಯಾಕೆ ನಲವತ್ತೊಂದು ಅಂದರೆ ಯಾಕೂ ಇಲ್ಲ. ಬೀಗ ಜಡಿದು ಕೀಲಿಯನ್ನು ಕೊರಳ ಸರಕ್ಕೆ ಪೋಣಿಸಿಕೊಂಡು ಹೊರಗೆ ಬಂದಾಗ ಅವಳ ಮುಖದಲ್ಲಿ ಯುದ್ಧ ಗೆದ್ದ ಕಳೆಯಿತ್ತು.

ಯಾರೂ ನಂಬಲಿಲ್ಲ, ಆದರೆ ಅವಳು ಹೇಳಲಿಲ್ಲ. ಹೇಳಲಿಕ್ಕಾಗದ ಗುಟ್ಟು ತನ್ನ ಹತ್ತಿರ ಇದೆ ಎಂಬುದನ್ನು ಮಾತ್ರ ಪಾರ್ಲರಿಗೆ ಬಂದ ಪ್ರತಿಯೊಂದು ತಲೆಗೂ ಹೇಳಿದಳು. ಬ್ಯಾಂಕಿನವಳು ಐಬ್ರೋ ಮಾಡಿಸಿಕೊಳ್ಳುತ್ತ, ಐವತ್ತಕ್ಕಿಂತ ಮೇಲೋ ಕೆಳಗೋ ಅಷ್ಟು ಹೇಳಿ ಸಾಕು ಎಂದು ಗೋಗರೆದಳು. ದರ್ಜಿಯ ಹೆಂಡತಿ, ನೀವು ಬಾಯಿ ತೆರೀಬೇಡಿ, ನಾನು ಹೇಳ್ತಾ ಹೋಗ್ತೀನಿ, ಕಣ್ಣು ಮಿಟುಕಿಸಿ ಸಾಕು ಎಂದಳು. ರೇಡಿಯೋ ಕತ್ತರಿಯನ್ನು ಗಾಳಿಯಲ್ಲಿ ಆಡಿಸಿ, “ತಲೆ ಅಲ್ಲಾಡಿಸಬೇಡ, ಕಿವಿ ಹೋಗುತ್ತೆ,” ಎನ್ನುತ್ತಿದ್ದಳು. ಜೀವಮಾನದಲ್ಲಿ ಮೊದಲ ಸಲ ಅವಳ ಹೊಟ್ಟೆಯಲ್ಲಿ ಒಂದು ಮಾತು ನಿಂತಿತ್ತು. ಅವಳಿಗೇ ತನ್ನ ಮೇಲೆ ಗೌರವ ಬಂದುಬಿಟ್ಟಿತ್ತು.

ಹೀಗೆ ವರ್ಷ ಕಳೆಯಿತು. ಮಣಿ ನಡುಗುತ್ತಿತ್ತು, ಯಂತ್ರ ಎಣಿಸುತ್ತಿತ್ತು.

ಒಂದು ಭಾನುವಾರ ಲೇಸರ್ ಊಟಕ್ಕೆ ಬಂದಿದ್ದಳು. ಮೂವರೂ ಮೇಲಿನ ಮಹಡಿಯ ಮೇಜಿನ ಸುತ್ತ ಕೂತಿದ್ದರು. ರೇಡಿಯೋ ಪಕ್ಕದ ಬೀದಿಯ ದಂತವೈದ್ಯರ ಎರಡನೇ ಮದುವೆಯ ಕತೆಯನ್ನು ಅರ್ಧಕ್ಕೆ ತಂದಿದ್ದಳು. ಲೇಸರ್ ನಡುವೆ ಬಾಯಿ ಹಾಕಿ, ತಟ್ಟೆಯಿಂದ ತಲೆಯೆತ್ತದೆ, “ಮೇಡಂ, ಬೇರೆ ಎಲ್ಲಾ ಕಳೆದು ನೋಡಿದೆ. ಒಟ್ಟು ನಲವತ್ತೊಂದಕ್ಕೆ ಬಂದು ಕೂತಿದೆ. ತಿಂಗಳಿಂದ ಅಲ್ಲಾಡ್ತಾನೇ ಇಲ್ಲ,” ಎಂದಳು.

“ಹಾಗಾದ್ರೆ ಗಟ್ಟಿಯಾಗ್ತಿದೆ. ಸುಳ್ಳಿನ ಪಾಲು ಇಪ್ಪತ್ತೊಂಬತ್ತು ಇರಬೇಕು, ನೋಡ್ತಿರು,” ಎಂದರು ಅಕ್ಕ, ನಿಶ್ಚಿಂತೆಯಾಗಿ ಬ್ರೆಡ್ಡಿಗೆ ಬೆಣ್ಣೆ ಹಚ್ಚುತ್ತ.

ತಪ್ಪಾದದ್ದು ಅಲ್ಲೇ. ಸುಳ್ಳಿನ ಸಂಖ್ಯೆ ತಮಗೆ ಗೊತ್ತಾಗದಂತೆ ಅವರು ಕೋಟೆಯನ್ನೇ ಕಟ್ಟಿಕೊಂಡಿದ್ದರು. ಒಟ್ಟು ಸಂಖ್ಯೆ ರೇಡಿಯೋ ಕಿವಿಗೆ ಬೀಳಬಾರದು ಎಂಬುದು ಅಷ್ಟು ದೊಡ್ಡ ತಲೆಗಳಲ್ಲಿ ಒಂದಕ್ಕೂ ಹೊಳೆದಿರಲಿಲ್ಲ. ಅವಳಿಗೇನು ಅರ್ಥವಾಗುತ್ತೆ ಬಿಡು ಎಂಬ ಸಸಾರ. ಮುಂದಿನ ಬಾಗಿಲಿಗೆ ಏಳು ಬೀಗ ಜಡಿದು ಹಿತ್ತಿಲ ಬಾಗಿಲು ತೆರೆದಿಟ್ಟಿದ್ದರು.

ಕಳೆಯುವ ಲೆಕ್ಕ ರೇಡಿಯೋಗೂ ಬರುತ್ತಿತ್ತು. ನಲವತ್ತೊಂದರಲ್ಲಿ ನಲವತ್ತೊಂದು ಹೋದರೆ ಏನು ಉಳಿಯುತ್ತದೆ? ಅವಳ ಕೈಯಲ್ಲಿದ್ದ ಚಮಚ ತಟ್ಟೆಗೆ ಬಿತ್ತು. ಅಕ್ಕ ಸೋತಿದ್ದಾಳೆ. ಇಪ್ಪತ್ತಾರನೇ ವಯಸ್ಸಿನಿಂದ ಇಲ್ಲಿಯವರೆಗೆ ಊಟ ನಿದ್ದೆ ಬಿಟ್ಟು ಕಾದ ಆ ಹನ್ನೆರಡು ಇಲ್ಲವೇ ಇಲ್ಲ. ಇಡೀ ಪ್ರಪಂಚದಲ್ಲಿ ಇದು ಗೊತ್ತಿರುವವಳು ತಾನೊಬ್ಬಳೇ. ಅಕ್ಕ ಎದುರಿಗೇ ಕೂತು ಬೆಣ್ಣೆ ಹಚ್ಚುತ್ತಿದ್ದಾಳೆ!

“ಆಮೇಲೆ? ದಂತವೈದ್ಯರು ಏನಂದರಂತೆ?” ಎಂದು ಲೇಸರ್ ಕೇಳಿದಳು.

“ಏನೂ ಅನ್ನಲಿಲ್ಲ,” ಎಂದು ರೇಡಿಯೋ ಎದ್ದು ಅಡುಗೆಮನೆಗೆ ಹೋದಳು.

ಅವತ್ತಿನಿಂದ ಅವಳ ಬಾಯಲ್ಲಿ ಬಿಸಿ ತುಪ್ಪ, ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ. ಹೇಳಿದರೆ ಪ್ರಯೋಗ ಕೆಟ್ಟಿತು. ಅಕ್ಕನ ಇಷ್ಟು ದಿನದ ದುಡಿಮೆ ಅಕ್ಕನದೇ ಕಟ್ಟುಪಾಡಿನಂತೆ ಕಸದ ಬುಟ್ಟಿಗೆ. ಹೇಳದಿದ್ದರೆ ಅಕ್ಕ ಒಂದು ದಿನ ತುಂಬಿದ ಸಭೆಯ ಮುಂದೆ, ಆ ಗಡ್ಡದವರ ಮುಂದೆ, ನಗುತ್ತ ಹೋಗಿ ಮುಗ್ಗರಿಸುತ್ತಾಳೆ. ಪಾರ್ಲರಿನಲ್ಲಿ ಮಾತು ನಿಂತಿತು. ಬ್ಯಾಂಕಿನವಳು ಹುಷಾರಿಲ್ವಾ ಎಂದು ಕೇಳಿದಳು. ದರ್ಜಿಯ ಹೆಂಡತಿ ಎರಡು ದಿನ ಬಿಟ್ಟು, ಬರೀ ಕತ್ತರಿ ಸದ್ದು ಕೇಳ್ಕೊಂಡು ಕೂರೋಕೆ ಭಯ ಆಗುತ್ತೆ ಎಂದು ತಲೆ ತೋರಿಸದೆ ಹೋದಳು.

ಹೇಳಲಾಗದ್ದನ್ನೆಲ್ಲ ರೇಡಿಯೋ ಕೈಯಲ್ಲಿ ಮಾಡಿ ತೋರಿಸಿದಳು. ಅಕ್ಕನ ಒದ್ದೆ ಟವೆಲನ್ನು ಸದ್ದಿಲ್ಲದೆ ಎತ್ತಿ ಒಣಹಾಕಿದಳು. ಮೆತ್ತನೆಯ ಅಟ್ಟೆಯ ಚಪ್ಪಲಿ ತಂದಳು. ಸಂಜೆ ಅಕ್ಕ ಬಂದರೆ ಬಿಸಿನೀರಿನಲ್ಲಿ ಕಾಲು ಇಳಿಬಿಡಿಸಿ, ತಾನೇ ಪಾದ ಉಜ್ಜಿದಳು. ತಲೆಗೆ ಎಣ್ಣೆ ಹಚ್ಚುವಾಗ ಮಾತಿಲ್ಲದೆ, ಬೆರಳ ತುದಿಯಲ್ಲಿ ಮೆಲ್ಲಗೆ ಹಚ್ಚಿದಳು. ಅಕ್ಕ ಒಂದೆರಡು ಸಲ ಕನ್ನಡಿಯಲ್ಲಿ ಅವಳ ಮುಖವನ್ನೇ ನೋಡಿದರು.

ಅದಾದ ಕೆಲವೇ ದಿನಕ್ಕೆ ಅಕ್ಕ, ಕಣ್ಣು ನೋಯುತ್ತೆ, ಇನ್ನು ಲೆಕ್ಕದ ಕೆಲಸ ಪೂರ್ತಿ ನೀನೇ ನೋಡಿಕೋ ಎಂದು ಎಲ್ಲವನ್ನೂ ಲೇಸರಿಗೆ ವಹಿಸಿಬಿಟ್ಟರು. ಪ್ರಯೋಗಶಾಲೆಗೆ ಮಾತ್ರ ದಿನವೂ ಹೋಗುತ್ತಿದ್ದರು. ಯಂತ್ರದ ಕೋಣೆಯ ಗಾಜಿನಾಚೆ ಕುರ್ಚಿ ಹಾಕಿಕೊಂಡು ಕೂರುತ್ತಿದ್ದರಂತೆ. ಅಯ್ಯೋ, ಅಕ್ಕನಿಗೆ ವಯಸ್ಸಾಯಿತು, ಇದೇ ಹೊತ್ತಿಗೆ ಈ ಸೋಲೂ ಬರಬೇಕೇ ಎಂದು ರೇಡಿಯೋ ಪಾರ್ಲರಿನ ಹಿಂದಿನ ಕೋಣೆಯಲ್ಲಿ ಹೇರ್ ಡ್ರೈಯರ್ ಹಾಕಿಕೊಂಡು ಅತ್ತಳು, ಸದ್ದು ಹೊರಗೆ ಕೇಳದಿರಲಿ ಎಂದು.

ಕೊನೆಗೆ ಯಂತ್ರ ನಿಂತಿತು. ಒಟ್ಟು ನಲವತ್ತೊಂದೇ. ಇನ್ನು ತಿದ್ದುವುದಿಲ್ಲ ಎಂದು ಎಲ್ಲರೂ ಒಪ್ಪಿದರು. ಮಾರನೆಯ ದಿನ ಪೆಟ್ಟಿಗೆ ತೆಗೆಯುವುದೆಂದು ದೇಶವಿದೇಶದ ಜನಕ್ಕೆ ಹೇಳಿಕಳಿಸಿಯಾಗಿತ್ತು.

ಆ ಮಧ್ಯಾಹ್ನ ರೇಡಿಯೋ, ಬೀಗಕ್ಕೆ ತುಕ್ಕು ಹಿಡಿದಿದೆಯಾ ನೋಡಬೇಕು ಎಂದು ಲೇಸರಿಗೆ ಹೇಳಿ ಪ್ರಯೋಗಶಾಲೆಗೆ ಹೋದಳು. ಲೇಸರ್ ಬಾಗಿಲು ತೋರಿಸಿ ತನ್ನ ಕೆಲಸಕ್ಕೆ ಹೋದಳು. ಕೋಣೆಯಲ್ಲಿ ಈಗ ಪಂಪುಗಳ ಸದ್ದಿಲ್ಲ. ಮೇಜಿನ ಮೇಲೆ ಪೆಟ್ಟಿಗೆ, ಕಿಟಕಿಯ ಬಿಸಿಲು ಅದರ ಮೇಲೆ. ಕೀಲಿ ಹಾಕಿದಳು, ಬೀಗ ಬೆಣ್ಣೆಯ ಹಾಗೆ ತೆರೆಯಿತು. ಹಿತ್ತಾಳೆಯ ಮುಳ್ಳು ನಲವತ್ತೊಂದರ ಮೇಲೆ ಕೂತಿತ್ತು.

ಯಂತ್ರ ನಿಂತಿದೆ. ಈಗ ಇದನ್ನು ತಿರುಗಿಸಿದರೆ ಯಾವ ಮಣಿಗೂ ಗೊತ್ತಾಗುವುದಿಲ್ಲ. ಹಿಂದಕ್ಕೆ ಹನ್ನೆರಡು ಗೀಟು, ಇಪ್ಪತ್ತೊಂಬತ್ತಕ್ಕೆ. ನಾಳೆ ಪೆಟ್ಟಿಗೆ ತೆಗೆದರೆ ಅಕ್ಕನ ಹನ್ನೆರಡು ಕರಾರುವಾಕ್ಕಾಗಿ ಉಳಿಯುತ್ತದೆ. ಗಡ್ಡದವರ ಬಾಯಿ ಬಂದ್. ಅಕ್ಕ ನಗುತ್ತ ಮನೆಗೆ ಬರುತ್ತಾಳೆ. ರೇಡಿಯೋ ತಿರುಗುಣಿಯ ಮೇಲೆ ಬೆರಳಿಟ್ಟಳು. ಬೆರಳು ಬೆವೆತಿತ್ತು.

ಸುಳ್ಳು ಹೇಳುವುದು ಅವಳಿಗೆ ಹೊಸದೇನಲ್ಲ. ಹಣೆ ದೊಡ್ಡದಾದವಳಿಗೆ ನಿಮ್ಮ ಮುಖಕ್ಕೆ ಈ ಕಟ್ ಹೇಳಿ ಮಾಡಿಸಿದ ಹಾಗಿದೆ ಎಂದು ಸಾವಿರ ಸಲ ಹೇಳಿದ್ದಾಳೆ. ಅವರು ಖುಷಿಯಾಗಿ ಹೋಗಿದ್ದಾರೆ. ಯಾರ ಗಂಟೂ ಹೋಗಿಲ್ಲ. ಆದರೆ ಅಕ್ಕ? ಅಕ್ಕ ಕೇಳಿದ್ದು ಈ ಲೋಕವನ್ನು. ಹುಡುಗಿಯಾಗಿದ್ದಾಗಿನಿಂದ ಒಂದೇ ಪ್ರಶ್ನೆ ಹಿಡಿದು ಅದರ ಬಾಗಿಲು ತಟ್ಟುತ್ತಿದ್ದಾಳೆ. ಈಗ ಒಳಗಿಂದ ಉತ್ತರ ಬರುವ ಹೊತ್ತಿಗೆ, ಬಾಗಿಲ ಹಿಂದೆ ಅವಿತುಕೊಂಡು, ಧ್ವನಿ ಬದಲಿಸಿ, ಪಾರ್ಲರಿನವಳು ಉತ್ತರ ಹೇಳಿಬಿಡುವುದೇ? ಥೂ ನನ್ನ ಜನ್ಮಕ್ಕಿಷ್ಟು! ಅಕ್ಕನಿಗೆ ಹೀಗೆ ಮಾಡಿದರೆ ಅವಳ ಮುಂದೆ ಕೂತು ಒಂದು ತುತ್ತು ಅನ್ನ ತಿನ್ನಲಾದೀತೇ? ಅವಳು ಕೈ ಹಿಂದಕ್ಕೆ ತೆಗೆದು ಸೆರಗಿಗೆ ಒರೆಸಿಕೊಂಡಳು. ಬೀಗ ಹಾಕಿ, ಹಾಕಿದೆಯೋ ಇಲ್ಲವೋ ಎಂದು ಎಳೆದು ನೋಡಿ, ಬಸ್ಸು ಹಿಡಿದು ಮನೆಗೆ ಬಂದಳು.

ಮರುದಿನ ಸಭಾಂಗಣದಲ್ಲಿ ಕಾಲಿಡಲು ಜಾಗವಿರಲಿಲ್ಲ. ಮೊದಲ ಸಾಲಿನಲ್ಲಿ ಗಡ್ಡದ ಪ್ರೊಫೆಸರು, ಈಗ ಗಡ್ಡ ಪೂರ್ತಿ ಬಿಳಿ, ಊರುಗೋಲು ಬೇರೆ. ಅಕ್ಕ ನೀಲಿ ಕೋಟು ಹಾಕಿಕೊಂಡು, ನೆಟ್ಟಗೆ ನಿಂತು, ಬಂದವರನ್ನೆಲ್ಲ ಮಾತಾಡಿಸುತ್ತಿದ್ದರು. ಲೇಸರ್ ಕಪ್ಪುಹಲಗೆಯ ಮೇಲೆ ದೊಡ್ಡದಾಗಿ ನಲವತ್ತೊಂದು ಎಂದು ಬರೆದಳು. ಆಮೇಲೆ ರೇಡಿಯೋ ಕಡೆ ನೋಡಿ ತಲೆಯಾಡಿಸಿದಳು.

ರೇಡಿಯೋ ಎದ್ದು ಹೋಗಿ ಕೀಲಿ ತಿರುಗಿಸಿದಳು. ಮುಚ್ಚಳ ತೆಗೆದಳು. ಸಂಖ್ಯೆಯನ್ನು ಪೆಟ್ಟಿಗೆಗೇ ಹೇಳುವವಳ ಹಾಗೆ ಪಿಸುಗುಟ್ಟಿದಳು. ಯಾರೋ ಹಿಂದಿನಿಂದ ಕೇಳಿಸಲಿಲ್ಲ ಎಂದರು. ಜನ್ಮದಲ್ಲಿ ಅವಳಿಗೆ ಯಾರೂ ಹೇಳಿರದ ಮಾತು ಅದು.

“ನಲವತ್ತೊಂದು,” ಎಂದಳು.

ಲೇಸರ್ ಕೈಯ ಸೀಮೆಸುಣ್ಣ ಎರಡು ತುಂಡಾಯಿತು. ಅಕ್ಕ ನಡೆದುಬಂದು, ಅದರಲ್ಲಿ ಒಂದು ತುಂಡನ್ನು ತೆಗೆದುಕೊಂಡು, ನಲವತ್ತೊಂದರ ಕೆಳಗೆ ಇನ್ನೊಂದು ನಲವತ್ತೊಂದು ಬರೆದು, ಗೀಟೆಳೆದು, ಕೆಳಗೆ ದುಂಡಗೆ ಸೊನ್ನೆ ಬರೆದರು. ಅವರ ಕೈ ಒಂಚೂರೂ ನಡುಗಲಿಲ್ಲ.

“ನಾನು ಹೇಳಿದ ನಡುಕ ಇಲ್ಲ,” ಎಂದರು ಸಭೆಯ ಕಡೆ ತಿರುಗಿ. “ಇದ್ದರೆ ಈ ಯಂತ್ರಕ್ಕೆ ಸಿಗಲೇಬೇಕಿತ್ತು, ಅಷ್ಟು ಚೆನ್ನಾಗಿ ಕಟ್ಟಿದ್ದೀವಿ. ಹಾಗಾಗಿ ನಾನು ನಲವತ್ತು ವರ್ಷ ಹೇಳಿಕೊಂಡು ಬಂದದ್ದು ತಪ್ಪು. ಇನ್ನು ಮುಂದೆ ಯಾರೂ ಅದರ ಮೇಲೆ ಹೊತ್ತು ಕಳೆಯಬೇಕಾಗಿಲ್ಲ. ಮೊಲಕ್ಕೆ ನಾಲ್ಕು ಕಾಲು, ಪ್ರೊಫೆಸರೇ. ಬಂದು ಎಣಿಸಿಕೊಳ್ಳಿ.”

ಯಾರೂ ನಗಲಿಲ್ಲ. ಗಡ್ಡದವರು ಊರುಗೋಲು ಊರಿ ಎದ್ದು ನಿಂತರು. ಈಗ ಏನು ಚುಚ್ಚುತ್ತಾರೋ ಎಂದು ರೇಡಿಯೋ ಹಲ್ಲು ಕಚ್ಚಿದಳು. ಅವರು ಊರುಗೋಲನ್ನು ಕಂಕುಳಲ್ಲಿ ಇರುಕಿಕೊಂಡು ಚಪ್ಪಾಳೆ ತಟ್ಟಲು ಶುರುಮಾಡಿದರು. ಇಡೀ ಸಭೆ ಎದ್ದು ನಿಂತಿತು.

ಗದ್ದಲ ಕರಗಿದ ಮೇಲೆ ಅಕ್ಕತಂಗಿ ಇಬ್ಬರೂ ಕಟ್ಟಡದ ಹಿಂದಿನ ಮೆಟ್ಟಿಲ ಮೇಲೆ ಕೂತರು. ಸಂಜೆ ಬಿಸಿಲು, ಸೈಕಲ್ ನಿಲ್ಲಿಸುವ ಜಾಗ, ಕಾಂಪೌಂಡಿನ ಮೇಲೆ ಎರಡು ಪಾರಿವಾಳ. ರೇಡಿಯೋಗೆ ಇನ್ನು ತಡೆಯಲಾಗಲಿಲ್ಲ. ಅಷ್ಟು ದಿನದ ಕಟ್ಟೆ ಒಡೆಯಿತು.

“ಅಕ್ಕಾ, ನಂಗೆ ಮೊದಲೇ ಗೊತ್ತಿತ್ತು ಕಣೇ. ಆ ಭಾನುವಾರನೇ ಗೊತ್ತಾಯ್ತು. ನಿನ್ನ ಎದುರಿಗೆ ಕೂತ್ಕೊಂಡು, ದಿನಾ ನಿನ್ನ ಮುಖ ನೋಡ್ಕೊಂಡು, ಹೇಳೋಕಾಗದೆ ಸತ್ತುಹೋದೆ.”

“ಗೊತ್ತು,” ಎಂದರು ಅಕ್ಕ.

“ಏನು ಗೊತ್ತು?”

“ನಿನಗೆ ಗೊತ್ತು ಅಂತ ಗೊತ್ತು. ದಂತವೈದ್ಯರ ಮದುವೆ ಕತೆ ಅರ್ಧಕ್ಕೆ ಬಿಟ್ಟು ಎದ್ದುಹೋದೆ. ಟವೆಲ್‌ಗೆ ಬೈಯೋದು ಬಿಟ್ಟೆ. ಕಾಲು ತೊಳೆದೆ. ನಾನು ಗೆದ್ದಿದ್ರೆ ಯಾಕೆ ಕಾಲು ತೊಳೀತಿದ್ದೆ ನೀನು? ಕುಣೀತಿದ್ದೆ. ಲೇಸರ್ ಬಾಯಲ್ಲಿ ನಲವತ್ತೊಂದು ಬಂದದ್ದು ಅವತ್ತೇ ಅಂತ ಆಮೇಲೆ ನೆನಪಾಯ್ತು. ಅಲ್ಲಿಗೆ ಮುಗೀತು.”

ರೇಡಿಯೋ ಅಕ್ಕನ ಕಡೆ ಪೂರ್ತಿ ತಿರುಗಿ ಕೂತಳು. “ಅಂದ್ರೆ, ಕಣ್ಣು ನೋಯುತ್ತೆ ಅಂದದ್ದು?”

“ಕಣ್ಣಿಗೇನೂ ಆಗಿಲ್ಲ. ಉತ್ತರ ಗೊತ್ತಾದವಳು ಲೆಕ್ಕ ಮುಟ್ಟಬಾರದು, ನಾನೇ ಮಾಡಿದ ಕಟ್ಟುಪಾಡು. ಅದಕ್ಕೇ ಎದ್ದು ಬಂದೆ. ಲೇಸರಿಗೆ ಗೊತ್ತಿರಲಿಲ್ಲ, ಹಾಗಾಗಿ ಲೆಕ್ಕ ಶುದ್ಧವಾಗಿದೆ. ಅವಳಿಗೆ ಇದನ್ನೆಲ್ಲ ನಾಳೆ ಹೇಳ್ತೀನಿ, ಅವಳು ಎಲ್ಲರಿಗೂ ಹೇಳಲಿ.”

“ಸೋತಿದ್ದೀನಿ ಅಂತ ಗೊತ್ತಿದ್ದೂ ತಿಂಗಳುಗಟ್ಟಲೆ ದಿನಾ ಅಲ್ಲಿ ಹೋಗಿ ಕೂರ್ತಿದ್ದೆಯಲ್ಲೇ!”

“ಕೂರದೆ? ನಿನ್ನ ಮುಖ ಸಾಕ್ಷಿ ಆಗಲ್ಲ ಕಣೇ. ಮಣಿ ಹೇಳಬೇಕು. ಅದು ಹೇಳಿ ಮುಗಿಸೋವರೆಗೂ ಎದುರಿಗೆ ಕೂತು ಕೇಳೋದು ಮರ್ಯಾದೆ.” ಅಕ್ಕ ಕಾಲು ಚಾಚಿದರು. “ಮೊದಲ ವಾರ ಅತ್ತೆ. ನೀನು ಕೆಳಗೆ ಡ್ರೈಯರ್ ಹಾಕ್ಕೊಂಡಾಗ ನಾನು ಮೇಲೆ ನಲ್ಲಿ ಬಿಟ್ಕೊಂಡು ಅಳ್ತಿದ್ದೆ.”

ರೇಡಿಯೋ ತಲೆ ತಗ್ಗಿಸಿದಳು. ಇನ್ನೊಂದು ಉಳಿದಿತ್ತು. “ನಿನ್ನೆ ಪೆಟ್ಟಿಗೆ ತೆಗೆದೆ, ಅಕ್ಕ. ತಿರುಗುಣಿ ಮೇಲೆ ಬೆರಳಿಟ್ಟಿದ್ದೆ. ಹನ್ನೆರಡು ಗೀಟು ಹಿಂದಕ್ಕೆ ಮಾಡೋಣ ಅಂತ.”

ಪಾರಿವಾಳಗಳು ಹಾರಿಹೋದವು.

“ಮಾಡಿದ್ದಿದ್ರೆ, ಪೆಟ್ಟಿಗೆ ಒಂದು ಹೇಳ್ತಿತ್ತು, ನಿನ್ನ ಮುಖ ಇನ್ನೊಂದು ಹೇಳ್ತಿತ್ತು,” ಎಂದರು ಅಕ್ಕ. “ನಾನು ನಿನ್ನ ಮುಖಾನೇ ನಂಬ್ತಿದ್ದೆ. ಆಮೇಲೆ ನಿನ್ನ ಜೊತೆ ಮಾತಾಡ್ತಿರಲಿಲ್ಲ.”

“ಅದಕ್ಕೇ ಮಾಡಲಿಲ್ಲ,” ಎಂದು ರೇಡಿಯೋ ಮೂಗು ಒರೆಸಿಕೊಂಡಳು. “ನಲವತ್ತು ವರ್ಷ, ಅಕ್ಕ. ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಯ್ತಲ್ಲೇ.”

“ಯಾರು ಹೇಳಿದ್ದು? ತನ್ನ ಪ್ರಶ್ನೆಗೆ ಉತ್ತರ ಬರೋ ದಿನದವರೆಗೂ ಬದುಕಿರೋದು ಎಷ್ಟು ಜನಕ್ಕೆ ಸಿಗುತ್ತೆ? ನಂಗೆ ಸಿಕ್ತು. ಅಷ್ಟು ದಪ್ಪದ ಮಣಿ, ಯಾರೂ ಮುಟ್ಟದಿದ್ರೆ, ಎರಡು ದೋಣಿ ಮೇಲೂ ಆರಾಮಾಗಿ ನಿಂತ್ಕೊಳ್ಳುತ್ತೆ ಅಂತಾಯ್ತು. ಹೇಗೆ ನಿಲ್ಲುತ್ತೆ? ಎಷ್ಟು ದೊಡ್ಡದರವರೆಗೆ ನಿಲ್ಲುತ್ತೆ? ಇದು ನನ್ನ ಹಳೇ ಪ್ರಶ್ನೆಗಿಂತ ಚೆನ್ನಾಗಿದೆ ಕಣೇ. ಮಣಿಯನ್ನ ಹತ್ತರಷ್ಟು ದಪ್ಪ ಮಾಡಬೇಕು. ಲೇಸರ್ ಜೊತೆ ಆಗಲೇ ಮಾತಾಡಿದೆ, ಬೇಜಾರು ಬಿಟ್ಟು ಲೆಕ್ಕ ಶುರುಮಾಡಿದ್ದಾಳೆ.” ಅಕ್ಕನ ಧ್ವನಿಯಲ್ಲಿ ಹಳೆಯ ಗತ್ತು ಹಾಗೇ ಇತ್ತು.

“ಹಾಗಾದ್ರೆ ಪೆಟ್ಟಿಗೇನೂ ಮತ್ತೆ ಬೇಕಲ್ಲ,” ಎಂದು ರೇಡಿಯೋ ಕೊರಳ ಸರದಿಂದ ಕೀಲಿ ಬಿಚ್ಚಿ ಹಿಡಿದಳು. “ಈ ಸಲ ಮುಖಾನೂ ಬಿಗಿ ಹಿಡಿದುಕೊಂಡಿರ್ತೀನಿ.”

“ನಿನಗೆ ಕೊಡಲ್ಲ.” ಅಕ್ಕ ಕೀಲಿಯನ್ನು ತೆಗೆದುಕೊಂಡು ಕೋಟಿನ ಜೇಬಿಗೆ ಹಾಕಿಕೊಂಡರು. “ನಿನಗೆ ಯಾವ ಆಸೆಯೂ ಇಲ್ಲ ಅಂದುಕೊಂಡದ್ದೇ ನನ್ನ ದಡ್ಡತನ. ಈ ಸಲ ನನ್ನ ಮೇಲೆ ಪ್ರೀತಿ ಇಲ್ಲದವರು ಬೇಕು.”

“ಸರಿ, ಆ ಗಡ್ಡದವರಿಗೇ ಕೊಡು. ನಿನ್ನ ಕಂಡ್ರೆ ಆಗದವರು ಅವರಿಗಿಂತ ಯಾರು ಸಿಗ್ತಾರೆ?”

ಅಕ್ಕ ಇಲ್ಲವೆಂದು ತಲೆಯಾಡಿಸಿದರು.

“ಅವರೂ ಆಗಲ್ಲ ಕಣೇ. ಸೊನ್ನೆ ಬರೆದು ತಿರುಗಿದೆನಲ್ಲ, ಆಗ ನೋಡಿದೆ. ಇಡೀ ಸಭೆಯಲ್ಲಿ ಅಳ್ತಿದ್ದದ್ದು ಅವರೊಬ್ಬರೇ.”